ಯುದ್ಧನೌಕೆಗೆ ಎಷ್ಟು ಜನ ಬೇಕು?

ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಓಣಂ ರಜೆಯಲ್ಲಿ ಕುಂಬಳೆಯ ನಮ್ಮ ಮನೆಗೆ ಬಂದಿದ್ದ. ಮುಂದಿನ ಪೀಳಿಗೆಯ ಫ್ರಿಗೇಟ್ (ಮಧ್ಯಮ ಗಾತ್ರದ ಯುದ್ಧನೌಕೆ) ಒಂದಕ್ಕೆ ಬೇಕಾಗುವ ಸಿಬ್ಬಂದಿಯನ್ನು ಅಂದಾಜಿಸುವುದು ಅವನ ಪ್ರಾಜೆಕ್ಟ್. ಜಗಲಿಯಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದು, "60 ಜನ ಸಾಕು ಮಾವ, ಉಳಿದದ್ದನ್ನು ಸೆನ್ಸರ್‌ಗಳು ನೋಡಿಕೊಳ್ಳುತ್ತವೆ" ಎಂದ.

ನೌಕಾಪಡೆಯ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತನಾದ ನನಗೆ ಸುಮ್ಮನಿರಲಾಗಲಿಲ್ಲ. ಪಾಳಿಯ ಲೆಕ್ಕವನ್ನು ಹುಡುಗ ಸರಿಯಾಗಿಯೇ ಮಾಡಿದ್ದ. ವಾರಕ್ಕೆ 168 ಗಂಟೆ, ಮೂರು ಪಾಳಿ, ತಲೆಗೆ 56 ಗಂಟೆ. ಆದರೆ ಯಂತ್ರಗಳ ದುರಸ್ತಿ, ತುಕ್ಕು ಕೆರೆದು ಬಣ್ಣ ಬಳಿಯುವುದು, ಸಾಮಾನು ಹೊರುವುದು ಯಾರ ಪಾಲಿಗೆ? ಪಾಳಿ ಮುಗಿಸಿ ಬಂದವನ ಪಾಲಿಗೇ. ಅವನ ನಿದ್ದೆಗೆ ಕತ್ತರಿ ಬೀಳುವುದು ಅಲ್ಲಿಯೇ.

ಅಮೆರಿಕದ ನೌಕಾಪಡೆ ಲಿಟ್ಟೊರಲ್ ಕಾಂಬ್ಯಾಟ್ ಹಡಗುಗಳಿಗೆ, ಅಂದರೆ ತೀರದ ಸಮೀಪ ಕಾದಾಡುವ ಚಿಕ್ಕ ಯುದ್ಧನೌಕೆಗಳಿಗೆ, 40 ಜನರ ಮೂಲ ಸಿಬ್ಬಂದಿ ಸಾಕೆಂದು ಹೊರಟಿತ್ತು. 2013ರಲ್ಲಿ ಅವುಗಳಲ್ಲೊಂದಾದ ಫ್ರೀಡಂ ಹಡಗನ್ನು ಸಿಂಗಾಪುರಕ್ಕೆ ಕಳುಹಿಸುವಾಗ ಅದನ್ನು 50ಕ್ಕೆ ಏರಿಸಬೇಕಾಯಿತು.

ಲೋಣಾವಳದಲ್ಲಿರುವ ನೌಕಾಪಡೆಯ ತರಬೇತಿ ಕೇಂದ್ರ ಐಎನ್ಎಸ್ ಶಿವಾಜಿಯಲ್ಲಿ ಪಡೆದ ತರಬೇತಿಯನ್ನು ಅವನಿಗೆ ವಿವರಿಸಿದೆ. ಬಿರುಕಿನಿಂದ ನೀರು ನುಗ್ಗಿ ಎದೆಮಟ್ಟಕ್ಕೆ ಬರುತ್ತದೆ, ನೆಲವೇ ವಾಲುತ್ತದೆ. ಒಬ್ಬ ಹಲಗೆಯನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬ ಮರದ ಬೆಣೆ ಬಡಿಯಬೇಕು, ಮತ್ತೊಬ್ಬ ದೀಪ ಹಿಡಿಯಬೇಕು. ಒದ್ದೆಯಾದ ಬೆಣೆ ಕೈಯಿಂದ ಜಾರುತ್ತಲೇ ಇರುತ್ತದೆ. ಒಂದು ತೂತಿಗೇ ಇಷ್ಟು ಕೈಗಳು! 2000ದ ಅಕ್ಟೋಬರ್‌ನಲ್ಲಿ ಯೆಮನ್‌ನ ಏಡನ್ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ ಯುಎಸ್ಎಸ್ ಕೋಲ್ ಮೇಲೆ ದಾಳಿಯಾದಾಗ 17 ನಾವಿಕರು ಸತ್ತರು. ಉಳಿದವರು ಹಗಲಿರುಳು ನೀರಿನೊಡನೆ ಗುದ್ದಾಡಿ ಹಡಗನ್ನು ಉಳಿಸಿಕೊಂಡರು. ಕೈಗಳು ಸಾಕಷ್ಟಿದ್ದುದರಿಂದಲೇ ಅದು ಸಾಧ್ಯವಾಯಿತೆಂದು ನಾನು ದೃಢವಾಗಿ ನಂಬಿದ್ದೇನೆ.

"ಹಾಗಾದರೆ ಹೊಡೆತ ಬಿದ್ದು ಕರೆಂಟ್ ಹೋಗಿ ಸೆನ್ಸರ್‌ಗಳೂ ನಿಂತ ಗಳಿಗೆಯಿಂದ ಲೆಕ್ಕ ಶುರು ಮಾಡಬೇಕೇ?" ಎಂದು ಕೇಳಿದ. ನನಗೆ ಬಹಳ ಸಂತೋಷವಾಯಿತು. ಹೊಡೆತ ಬಿದ್ದ ಹಡಗಿನಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಒಂದೊಂದೇ ಕೋಣೆಯನ್ನು ಹಿಡಿದು ಬರೆಯತೊಡಗಿದೆವು. ಸಂಖ್ಯೆ ಈಗಲೇ ಸರಿಯಿರಬೇಕು, ಏಕೆಂದರೆ ಮಲಗುವ ಬಂಕು, ಕುಡಿಯುವ ನೀರು, ಉಗ್ರಾಣ ಎಲ್ಲವೂ ಅದನ್ನೇ ಆಧರಿಸಿರುತ್ತವೆ. ಹಡಗಿನ ಒಡಲು ಕಟ್ಟಿ ಮುಗಿದ ಮೇಲೆ ಹತ್ತು ಬಂಕು ಹೆಚ್ಚಿಸುವುದೂ ದೊಡ್ಡ ಪಾಡು. ಊಟದ ಹೊತ್ತಿಗೆ ಸಂಖ್ಯೆ ನೂರು ದಾಟಿತ್ತು. ರಜೆಯ ಮೇಲಿರುವವರನ್ನು, ತರಬೇತಿಗೆ ಹೋದವರನ್ನು ಇನ್ನೂ ಸೇರಿಸಿರಲಿಲ್ಲ.