ಪುಷ್ಪಕ್ ಮಾಡೆಲ್‌ಗೆ ಎಂಜಿನ್: 30 ಸಿಸಿಗೆ ಬಂದು ನಿಂತೆ

ರೆಕ್ಕೆಯ ರಿಬ್‌ಗಳನ್ನೆಲ್ಲ ಅಂಟಿಸಿ ಆಯ್ತು. ಬಾಡಿಯ ಚೌಕಟ್ಟೂ ನಿಂತಿದೆ. ಮುಂದಿನ ಕೆಲಸ ಫೈರ್‌ವಾಲ್, ಅಂದರೆ ಎಂಜಿನ್ ಬೋಲ್ಟ್ ಮಾಡುವ ಮುಂದಿನ ಹಲಗೆ. ಎಂಜಿನ್ ಎಷ್ಟುದ್ದ ಅಂತ ಗೊತ್ತಿಲ್ಲದೆ ಆ ಪ್ಲೈವುಡ್ ಹಲಗೆಯನ್ನು ಎಲ್ಲಿ ಕೂರಿಸುವುದು? ಹಾಗಾಗಿ ಒಂದು ತಿಂಗಳು ಗರಗಸ, ಅಂಟು ಎಲ್ಲ ಪಕ್ಕಕ್ಕಿಟ್ಟು ಎಂಜಿನ್ ಹಿಂದೆ ಬಿದ್ದಿದ್ದೆ.

ಹೊಸದಾಗಿ ಓದುತ್ತಿರುವವರಿಗೆ: ನಾನು ಕಟ್ಟುತ್ತಿರುವುದು ಎಚ್‌ಎಎಲ್ ಪುಷ್ಪಕ್‌ನ ಹಾರುವ ಮಾಡೆಲ್. ಅಸಲಿ ಪುಷ್ಪಕ್ 1958ರಲ್ಲಿ ಮೊದಲು ಹಾರಿದ, ನಮ್ಮ ಬೆಂಗಳೂರಿನಲ್ಲೇ ತಯಾರಾದ ಎರಡು ಸೀಟಿನ ವಿಮಾನ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಜನ ಹಾರಲು ಕಲಿತದ್ದು ಇದರಲ್ಲೇ. ಅಸಲಿಯ ರೆಕ್ಕೆ ತುದಿಯಿಂದ ತುದಿಗೆ 10.97 ಮೀಟರ್. ನನ್ನದು ಅದರ ಕಾಲು ಭಾಗ, 2.74 ಮೀಟರ್.

ಮೊದಲು 55 ಸಿಸಿ ಹಾಕೋಣ ಅಂದುಕೊಂಡಿದ್ದೆ. ಇಷ್ಟು ದೊಡ್ಡ ಪ್ಲೇನ್‌ಗೆ ಶಕ್ತಿ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅನ್ನುವ ಲೆಕ್ಕ. ಮೂವತ್ತು ವರ್ಷದಿಂದ ಮಾಡೆಲ್ ಹಾರಿಸುತ್ತಿರುವ ಹಿರಿಯರೊಬ್ಬರನ್ನು ಕೇಳಿದೆ. "ಸಾರ್, 55 ಸಾಕಾಗುತ್ತಾ?" ಅವರು ಉತ್ತರ ಕೊಡಲಿಲ್ಲ, ತಿರುಗಿ ನನ್ನನ್ನೇ ಕೇಳಿದರು. "ಎಂಜಿನ್ ಆಮೇಲೆ ನೋಡೋಣಪ್ಪ. ನಿನ್ನ ಪ್ಲೇನ್‌ಗೆ ಎಷ್ಟು ದೊಡ್ಡ ಪ್ರೊಪೆಲ್ಲರ್ ಚೆನ್ನಾಗಿ ಕಾಣುತ್ತೆ, ಅದನ್ನ ಮೊದಲು ಹೇಳು."

ಆವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಅಸಲಿ ಪುಷ್ಪಕ್‌ನ ಪೂರ್ತಿ ಹೊರೆ ಸೇರಿದ ತೂಕ ಸುಮಾರು 613 ಕೆಜಿ. ಉದ್ದ, ಅಗಲ, ಎತ್ತರ ಮೂರೂ ಕಾಲು ಭಾಗವಾದರೆ ತೂಕ 64ರಲ್ಲಿ ಒಂದು ಭಾಗ ಆಗಬೇಕು. ಅಂದರೆ 9.6 ಕೆಜಿ. ವೇಗ ಅರ್ಧಕ್ಕೆ ಇಳಿಯಬೇಕು, ಆಗಲೇ ಹಾರಾಟ ನೋಡಲು ಅಸಲಿಯಂತೆ ಇರುತ್ತದೆ. ತೂಕ 64ರಲ್ಲಿ ಒಂದು, ವೇಗ ಎರಡರಲ್ಲಿ ಒಂದು. ಎರಡೂ ಸೇರಿದರೆ ಬೇಕಾದ ಶಕ್ತಿ 128ರಲ್ಲಿ ಒಂದು. ಅಸಲಿಯಲ್ಲಿ ಇದ್ದದ್ದು 90 ಎಚ್‌ಪಿಯ ಕಾಂಟಿನೆಂಟಲ್ ಎಂಜಿನ್. ಅದನ್ನು ಭಾಗಿಸಿದರೆ ಬಂದದ್ದು 0.7 ಎಚ್‌ಪಿ! ಎರಡು ಸಲ ತಾಳೆ ನೋಡಿದೆ, ಅಷ್ಟೇ ಬಂತು. ಚಿಕ್ಕ ಪ್ರೊಪೆಲ್ಲರ್ ಅಸಲಿಯಷ್ಟು ಚೆನ್ನಾಗಿ ಗಾಳಿ ತಳ್ಳುವುದಿಲ್ಲ. ಹುಲ್ಲಿನ ಮೇಲಿಂದ ಏಳಬೇಕು, ಎದುರುಗಾಳಿ ಇದ್ದರೆ ಕೈಯಲ್ಲಿ ಸ್ವಲ್ಪ ಉಳಿಕೆಯೂ ಬೇಕು. ಹಾಗಾಗಿ ಬರೀ 0.7 ಸಾಲದು. ಆದರೂ 5 ಎಚ್‌ಪಿಗೂ ಮೀರಿದ 55 ಸಿಸಿ ಇಲ್ಲಿ ಸುಮ್ನೆ ಹೊರೆ.

ಪ್ರೊಪೆಲ್ಲರ್ ಲೆಕ್ಕ ಇನ್ನೂ ಸುಲಭವಾಗಿತ್ತು. ಅಸಲಿಯದು ಸುಮಾರು ಆರು ಅಡಿ, ಅಂದರೆ ನನಗೆ 18 ಇಂಚು. 20 ಸಿಸಿ ಎಂಜಿನ್‌ಗೆ ಒಗ್ಗುವುದು 16 ಇಂಚಿನದು. 55ಕ್ಕೆ 22 ಇಂಚು ಬೇಕು, ಅದು ಹುಲ್ಲಿಗೆ ತಾಗುತ್ತದೆ. 18 ಇಂಚನ್ನು ಸಲೀಸಾಗಿ ತಿರುಗಿಸುವುದು 30 ಸಿಸಿಯೇ.

ತೂಕದ ಕಡೆಯಿಂದಲೂ ಅದೇ ಸರಿ ಬಂತು. ಪುಷ್ಪಕ್‌ನ ಮೂಗು ಗಿಡ್ಡ, ಬಾಲ ಉದ್ದ. ಎಂಜಿನ್ ತೀರಾ ಹಗುರವಾದರೆ ಮೂಗಿಗೆ ಸೀಸ ತುಂಬಬೇಕಾಗುತ್ತದೆ. ನಾನು ಆರಿಸಿದ 30 ಸಿಸಿ ಎಂಜಿನ್, ಡಿಎಲ್‌ಇ ಕಂಪನಿಯ ಡಿಎಲ್‌ಇ 30, ಸುಮಾರು 900 ಗ್ರಾಂ. ಇಗ್ನಿಷನ್, ಮಫ್ಲರ್, ಬ್ಯಾಟರಿ ಬೇರೆ. ಅಷ್ಟೇ ತೂಕದ ಮರಳಿನ ಚೀಲ ಕಟ್ಟಿ ನೋಡಿದೆ. ಇನ್ನು ನೂರಿನ್ನೂರು ಗ್ರಾಂ ಸೇರಿದರೆ ಬ್ಯಾಲೆನ್ಸ್ ಸರಿಯಾಗುತ್ತದೆ.

ಫೋರ್ ಸ್ಟ್ರೋಕ್ ಮೇಲೆ ಬಹಳ ಆಸೆ ಇತ್ತು. ಆ ನಿಧಾನದ ಸದ್ದು ಹಳೇ ವಿಮಾನಕ್ಕೆ ಎಷ್ಟು ಒಪ್ಪುತ್ತದೆ! ಬೆಲೆ ನೋಡಿ ಬಿಟ್ಟೆ.

ಟೂ ಸ್ಟ್ರೋಕ್ ಅಂದಮೇಲೆ ಪೆಟ್ರೋಲ್‌ಗೆ ಆಯಿಲ್ ಬೆರೆಸಲೇಬೇಕು. 30ಕ್ಕೆ 1ರ ಲೆಕ್ಕ, ಲೀಟರಿಗೆ 33 ಎಂಎಲ್. ಮೈಸೂರಿನಲ್ಲಿ ತಯಾರಾದ ಅಪ್ಪನ ಯೆಜ್ಡಿಗೆ ಬಂಕ್‌ನಲ್ಲಿ ಆಯಿಲ್ ಹಾಕಿಸುತ್ತಿದ್ದುದು ನೆನಪಾಯಿತು, ವಾಸನೆಯೂ ಅದೇ. ಈಗಿನ ತೊಂದರೆ ಬೇರೆ. ಬಂಕ್ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥೆನಾಲ್ ಇದೆ. ಅದು ಗಾಳಿಯ ತೇವ ಹೀರುತ್ತದೆ. ಹಾಗೇ ಬಿಟ್ಟರೆ ಕಾರ್ಬ್ಯುರೇಟರ್ ಒಳಗಿನ ಡಯಾಫ್ರಾಮ್ ಅನ್ನುವ ತೆಳುವಾದ ಪೊರೆ ಗಟ್ಟಿಯಾಗುತ್ತದೆ. ನನ್ನ ಹಳೆಯ ಎಂಜಿನ್ ಒಂದು ಮಳೆಗಾಲ ಟ್ಯಾಂಕ್ ತುಂಬಿಕೊಂಡೇ ಕೂತು ಹೀಗೇ ಕೆಟ್ಟಿತ್ತು. ಈಗ ಪ್ರತಿ ಸಲವೂ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುತ್ತೇನೆ. ಇನ್ನೊಂದು ಮಾತು: ಮೆಥನಾಲ್ ಇಂಧನದಲ್ಲಿ ಓಡುವ ಗ್ಲೋ ಎಂಜಿನ್‌ಗೆ ಬಳಸುವ ಸಿಲಿಕಾನ್ ಪೈಪ್ ಇದಕ್ಕೆ ಬೇಡವೇ ಬೇಡ. ಪೆಟ್ರೋಲ್ ತಾಗಿದರೆ ಉಬ್ಬಿ ಕಿತ್ತುಹೋಗುತ್ತದೆ.

ಕಳೆದ ಭಾನುವಾರ ನಂಜನಗೂಡಿನ ಹತ್ತಿರ ಮಾವನ ತೋಟದಲ್ಲಿ ಮೊದಲ ಓಟ. ಎಂಜಿನ್ನನ್ನು ದಪ್ಪ ಹಲಗೆಗೆ ಬೋಲ್ಟ್ ಮಾಡಿ, ಹಲಗೆಯನ್ನು ತೆಂಗಿನ ಮರಕ್ಕೆ ಬಿಗಿದೆವು. ಚೋಕ್ ಹಾಕಿ ಐದಾರು ಸಲ ತಿರುಗಿಸಿದಾಗ ಒಮ್ಮೆ ಕೆಮ್ಮಿತು. ಚೋಕ್ ತೆಗೆದು ಇನ್ನೆರಡು ಸಲ ಎಳೆದೆ, ಹತ್ತಿಕೊಂಡಿತು. ಹಿಂದೆ ನಿಂತಿದ್ದ ಮಾವ ಚಪ್ಪಾಳೆ ತಟ್ಟಿದರು. ಎರಡು ಟ್ಯಾಂಕ್ ನಿಧಾನವಾಗಿ ಓಡಿಸಿದ ಮೇಲೆ 18x8 ಪ್ರೊಪೆಲ್ಲರ್‌ನಲ್ಲಿ (18 ಇಂಚು ವ್ಯಾಸ, 8 ಇಂಚು ಪಿಚ್, ಅಂದರೆ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ) ನಿಮಿಷಕ್ಕೆ 7,300 ಸುತ್ತು ಬಂತು. ಲಗೇಜ್ ತೂಗುವ ತಕ್ಕಡಿ ಕಟ್ಟಿ ನೋಡಿದರೆ ಎಳೆತ 7 ಕೆಜಿ ದಾಟಿತು. ಹತ್ತು ಕೆಜಿಯೊಳಗಿನ ಪುಷ್ಪಕ್‌ಗೆ ಧಾರಾಳ.

ಉಳಿದ ತಲೆನೋವು ಕೌಲಿಂಗ್, ಅಂದರೆ ಎಂಜಿನ್ ಮುಚ್ಚುವ ಮೂಗಿನ ಕವಚ. ಅಸಲಿಯ ನಾಲ್ಕು ಸಿಲಿಂಡರ್‌ಗಳು ಎರಡೂ ಪಕ್ಕಕ್ಕೆ ಮಲಗಿವೆ, ಹಾಗಾಗಿ ಮೂಗು ಅಗಲ. ನನ್ನ ಒಂಟಿ ಸಿಲಿಂಡರನ್ನು ಪಕ್ಕಕ್ಕೆ ಮಲಗಿಸಿ ರಟ್ಟಿನ ಕೌಲಿಂಗ್ ತೊಡಿಸಿದರೆ ಪ್ಲಗ್ ಕ್ಯಾಪ್ ಎರಡು ಬೆರಳು ಹೊರಗೆ ಬರುತ್ತಿದೆ. ತಲೆಕೆಳಗಾಗಿ ಕೂರಿಸಿದರೆ ಕೆಳಗಿನ ಗಾಳಿಕಿಂಡಿಯಲ್ಲಿ ಮರೆಯಾಗಬಹುದು. ಈ ಶನಿವಾರ ರಟ್ಟಿನಲ್ಲೇ ಅದನ್ನೂ ಮಾಡಿ ನೋಡಿ, ಆಮೇಲೆ ಫೈರ್‌ವಾಲ್‌ಗೆ ತೂತು ಕೊರೆಯುತ್ತೇನೆ.