ದೊಡ್ಡ ಕಲ್ಲುಳ್ಳ ಬೀದಿ

ಕುಸ್ಕೋ, ಪೆರು
ಜೂನ್ 12, 2024, ಬುಧವಾರ

ಬೆಳಿಗ್ಗೆ ಏಳುವಾಗಲೇ ತಲೆ ಭಾರ. ಈ ಊರು ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ತಿಂಡಿ ಬಡಿಸುವ ಅಮ್ಮ ನನ್ನ ಮುಖ ನೋಡಿದವರೇ, ಕೇಳುವ ಮೊದಲೇ ಕೋಕಾ ಎಲೆಯ ಚಹಾ ತಂದಿಟ್ಟರು. ಬರೀ ಬಿಸಿನೀರು, ಅದರಲ್ಲಿ ತೇಲುವ ಎಲೆ. ಎರಡು ಲೋಟ ಕುಡಿದ ಮೇಲೆ ಜೀವ ಬಂತು.

ನಾವು ಉಳಿದಿರುವ ಹೋಟೆಲ್ ಹಿಂದೆ ಸ್ಪೇನಿನ ಸಿರಿವಂತರ ಮನೆಯಾಗಿತ್ತಂತೆ. ನಮ್ಮ ತೊಟ್ಟಿಮನೆಯ ಹಾಗೇ ನಡುವೆ ಅಂಗಳ, ಸುತ್ತ ಕಮಾನಿನ ಪಡಸಾಲೆ. ಊಟದ ಕೋಣೆಯ ಒಂದು ಗೋಡೆ ಮಾತ್ರ ಬೇರೆ. ಅದು ಇಂಕಾಗಳದ್ದು, ಸ್ಪೇನಿನವರು ಬರುವ ಮೊದಲು ಇಲ್ಲಿ ಆಳಿದವರದ್ದು.

ಆ ಗೋಡೆ ಮುಂದೆ ಎಷ್ಟು ಹೊತ್ತು ನಿಂತೆನೋ. ಗಾರೆ ಇಲ್ಲ, ಮಣ್ಣಿನ ಮೆತ್ತನೆಯೂ ಇಲ್ಲ. ಪ್ರತಿ ಕಲ್ಲಿನ ಮೈ ನಡುವೆ ಸ್ವಲ್ಪ ಉಬ್ಬಿ ಅಂಚಿನಲ್ಲಿ ಒಳಕ್ಕೆ ಇಳಿಯುತ್ತದೆ, ದಿಂಬು ಪೇರಿಸಿಟ್ಟ ಹಾಗೆ. ಸಂದಿಯಲ್ಲಿ ಉಗುರು ತೂರಿಸಿ ನೋಡಿದೆ, ಹೋಗಲಿಲ್ಲ. ಅವರ ಹತ್ತಿರ ಕಬ್ಬಿಣವೇ ಇರಲಿಲ್ಲ. ಗಟ್ಟಿ ಕಲ್ಲಿನಿಂದ ಕಲ್ಲನ್ನು ಕುಟ್ಟಿ, ಉಜ್ಜಿ, ಕೂರಿಸಿ ನೋಡಿ, ಮತ್ತೆ ಕುಟ್ಟಿ ಮಾಡಿದ್ದು. ಎಷ್ಟು ಕೈಗಳು ಸವೆದಿರಬೇಕು!

ಆಮೇಲೆ ಹಾತುನ್ ರುಮಿಯೋಕ್ ಬೀದಿಗೆ ಹೋದೆವು. ಹನ್ನೆರಡು ಮೂಲೆಯ ಪ್ರಸಿದ್ಧ ಕಲ್ಲು ಇರುವುದು ಅಲ್ಲೇ. ಹಿಂದೆ ಇಂಕಾ ರೋಕ ಎಂಬ ದೊರೆಯ ಅರಮನೆಯ ಗೋಡೆ, ಈಗ ಅದರ ಮೇಲೆ ಆರ್ಚ್‌ಬಿಷಪ್ಪರ ಅರಮನೆ. ಆದರೆ ನನಗೆ ಕಲ್ಲಿಗಿಂತ ಆ ಹೆಸರೇ ಜಾಸ್ತಿ ಇಷ್ಟವಾಯ್ತು. ಇಂಕಾಗಳು ಆಡುತ್ತಿದ್ದ ಕ್ವೆಚುವಾ ಭಾಷೆಯಲ್ಲಿ ಹಾತುನ್ ಅಂದರೆ ದೊಡ್ಡ, ರುಮಿ ಅಂದರೆ ಕಲ್ಲು, ಯೋಕ್ ಅಂದರೆ ಉಳ್ಳ. ದೊಡ್ಡ ಕಲ್ಲುಳ್ಳ. ಕನ್ನಡದ್ದೇ ಸಾಲು, ಅದೇ ಕ್ರಮ! ಇಷ್ಟು ದೂರದ, ಯಾವ ಸಂಬಂಧವೂ ಇಲ್ಲದ ಭಾಷೆ ಹೀಗೆ ಮಾತು ಜೋಡಿಸುತ್ತದೆ ಅಂದರೆ ಖುಷಿಯಾಗುತ್ತೆ ಅಲ್ವಾ?

ಮಧ್ಯಾಹ್ನ ಕೊರಿಕಾಂಚಾ. ಬಂಗಾರದ ಆವರಣ ಅಂತ ಅರ್ಥ. ಸೂರ್ಯನ ಗುಡಿಯ ಗೋಡೆಗಳಿಗೆ ನಿಜಕ್ಕೂ ಬಂಗಾರದ ತಗಡು ಹೊದಿಸಿದ್ದರು. 1533ರಲ್ಲಿ ಸ್ಪೇನಿನವರು ಎಲ್ಲವನ್ನೂ ಕಿತ್ತು ಕರಗಿಸಿದರು. ಗುಡಿಯ ಮೇಲೆಯೇ ಸ್ಯಾಂಟೋ ಡೊಮಿಂಗೋ ಚರ್ಚು ಮತ್ತು ಮಠ ಎದ್ದವು. 1950ರ ಮೇ 21ರಂದು ಭೂಕಂಪವಾದಾಗ ಮಠದ ಬಹಳಷ್ಟು ಭಾಗ ಕುಸಿಯಿತು. ಇಂಕಾ ಗೋಡೆಗಳು ನಿಂತೇ ಇದ್ದವು. ಗೋಡೆಗಳು ತುಸು ಒಳಕ್ಕೆ ವಾಲಿವೆ. ಬಾಗಿಲು, ಗೂಡುಗಳೆಲ್ಲ ಕೆಳಗೆ ಅಗಲ, ಮೇಲೆ ಕಿರಿದು. ನೆಲ ನಡುಗಿದರೆ ಕಲ್ಲುಗಳು ಅಲುಗಾಡಿ ಮತ್ತೆ ತಮ್ಮ ಜಾಗಕ್ಕೇ ಕೂರುತ್ತವೆ. ಅಲ್ಲಿ ನಿಂತು ಕಣ್ಣು ತುಂಬಿ ಬಂತು.

ಸಂಜೆ ಮೊನಾಸ್ಟೆರಿಯೋ ಹೋಟೆಲಿಗೆ ಸುಮ್ನೆ ಕಾಫಿಗೆಂದು ಹೋದೆವು. ಅಲ್ಲಿ ಉಳಿಯುವಷ್ಟು ದುಡ್ಡು ನಮ್ಮಲ್ಲಿಲ್ಲ. ಹಿಂದೆ ಪಾದ್ರಿಗಳಾಗುವ ಹುಡುಗರು ಓದುತ್ತಿದ್ದ ಜಾಗ ಅದು. ಅಂಗಳದಲ್ಲಿ ದೊಡ್ಡದೊಂದು ಹಳೇ ದೇವದಾರು ಮರ. ಎತ್ತರ ಒಗ್ಗದವರಿಗೆ ಕೋಣೆಯೊಳಗೆ ಆಮ್ಲಜನಕ ಬಿಡುವ ಏರ್ಪಾಡೂ ಇದೆ. ಚೆನ್ನಾಗಿದೆ. ಆದರೂ ನಮ್ಮ ಊಟದ ಕೋಣೆಯ ಗೋಡೆಯೇ ನನಗೆ ಮೇಲು.

ರಾತ್ರಿ ಊಟಕ್ಕೆ ಕೂತಾಗ ಬೆಳಗಿನ ಅಮ್ಮ ಫೋನಿನಲ್ಲಿ ಕ್ವೆಚುವಾದಲ್ಲಿ ಮಾತಾಡುತ್ತಿದ್ದರು. ಪೆರುವಿನಲ್ಲಿ ಅದಕ್ಕೆ ಅಧಿಕೃತ ಸ್ಥಾನ ಸಿಕ್ಕಿದ್ದೇ 1975ರಲ್ಲಿ. ಅವರು ಫೋನ್ ಇಟ್ಟ ಮೇಲೆ ನನಗೆ ಬರುವಷ್ಟು ಸ್ಪ್ಯಾನಿಷ್‌ನಲ್ಲಿ ಮಾತಿಗಿಳಿದೆ. ಗೋಡೆ ಮುಟ್ಟಿ "ರುಮಿ" ಅಂದೆ. ಅವರ ಮುಖ ಅರಳಿತು. ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ ಅಂತ ಕೇಳಿದರು.

"ಕಲ್ಲು" ಅಂದೆ.

ಅವರು ಜೋರಾಗಿ ನಕ್ಕುಬಿಟ್ಟರು. ಕ್ವೆಚುವಾದಲ್ಲಿ ಹೆಚ್ಚುಕಮ್ಮಿ ಹಾಗೇ ಕೇಳಿಸುವ ಮಾತೊಂದಿದೆಯಂತೆ, ಕ ಮಾತ್ರ ಗಂಟಲಿನ ಆಳದಿಂದ ಬರುತ್ತದೆ. ಏನು ಹಾಗಂದರೆ ಅಂತ ಕೇಳಿದೆ. ಅವರು ಬಾಯಿ ತೆರೆದು, ಬೆರಳಿಟ್ಟು, ನಾಲಿಗೆ ತೋರಿಸಿದರು.