ಅರ್ಧಕ್ಕೆ ನಿಂತ ವೈರಿಂಗ್: ಬಿಲ್ ಜಗಳಕ್ಕೆ ಮೊದಲು ಪಾಯಿಂಟ್ ಎಣಿಸಿ

ವೈರಿಂಗ್ ಅರ್ಧಕ್ಕೆ ನಿಂತರೆ ಓನರ್ "ಒಂದು ಲೈಟೂ ಉರೀತಿಲ್ಲ, ದುಡ್ಡೇನು ಕೊಡೋದು" ಅಂತಾರೆ, ಎಲೆಕ್ಟ್ರಿಷಿಯನ್ "ಮುಕ್ಕಾಲು ಮುಗಿದಿದೆ ಸಾರ್" ಅಂತಾನೆ. ಹೆಚ್ಚಿನ ಸಲ ಇಬ್ಬರ ಮಾತೂ ನಿಜವೇ. ಗೋಡೆಯೊಳಗಿನ ಪೈಪ್ ಓನರ್ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ರೂಪಾಯಿ ಮಾತು ಪಕ್ಕಕ್ಕಿಡಿ. ಇಬ್ಬರೂ ಒಟ್ಟಿಗೆ ಕೋಣೆ ಕೋಣೆ ಸುತ್ತಿ ಒಂದೇ ಹಾಳೆಯಲ್ಲಿ ಬರೆಯಿರಿ: ಒಟ್ಟು ಪಾಯಿಂಟಿನಲ್ಲಿ (ಒಂದು ಲೈಟ್, ಫ್ಯಾನ್ ಅಥವಾ ಸಾಕೆಟ್ ಅಂದರೆ ಒಂದು ಪಾಯಿಂಟ್, ರೇಟು ಅದರ ಮೇಲೆ) ಪೈಪ್ ಮತ್ತು ಬಾಕ್ಸ್ ಆದದ್ದೆಷ್ಟು, ವೈರ್ ಎಳೆದದ್ದೆಷ್ಟು, ಸ್ವಿಚ್-ಸಾಕೆಟ್ ಕೂರಿಸುವ ಫಿಟ್ಟಿಂಗ್ ಎಷ್ಟು. ನಿಜವಾದ ತಕರಾರು ಆಗ ಹೊರಬೀಳುತ್ತದೆ. ಮೆಟ್ಟಿಲಿನ ಟೂ-ವೇ (ಒಂದೇ ಲೈಟಿಗೆ ಕೆಳಗೊಂದು, ಮೇಲೊಂದು ಸ್ವಿಚ್) ಒಂದು ಪಾಯಿಂಟೋ ಎರಡೋ? ಬೋರ್ಡಿನಲ್ಲೇ ಇರುವ ಸಾಕೆಟ್‌ಗೆ ಪೂರ್ತಿ ರೇಟೋ ಅರ್ಧವೋ? ಡಿಬಿ (ಮನೆಯ ಎಲ್ಲ ಲೈನ್ ಹೊರಡುವ ಬ್ರೇಕರ್ ಪೆಟ್ಟಿಗೆ), ಅರ್ತಿಂಗ್ ರೇಟಿನಲ್ಲಿ ಸೇರಿತ್ತೋ ಬೇರೆಯೋ? ಗೀಸರ್, ಎಸಿಗೆ ಡಿಬಿಯಿಂದ ನೇರ ದಪ್ಪ ವೈರ್ ಎಳೆಯಬೇಕು. ಅದಕ್ಕೆ ಹೆಚ್ಚು ಕೇಳಿದರೆ ತಪ್ಪಿಲ್ಲ.

ಲೇಬರ್ ಮಾತ್ರದ ಕೆಲಸ, 80 ಪಾಯಿಂಟ್, ತಲಾ 300 ರೂಪಾಯಿ ಎಂದುಕೊಳ್ಳಿ. ಪೈಪಿಗೆ 120, ವೈರಿಗೆ 90, ಫಿಟ್ಟಿಂಗಿಗೆ 90 ಎಂದು ಒಪ್ಪಿಕೊಂಡರೆ: ಪೈಪ್ 80ಕ್ಕೂ ಆಗಿದೆ, 9,600. ವೈರ್ 50ಕ್ಕೆ, 4,500. ಫಿಟ್ಟಿಂಗ್ 20ಕ್ಕೆ, 1,800. ಒಟ್ಟು 15,900. ಅಡ್ವಾನ್ಸ್ 18,000 ಹೋಗಿದ್ದರೆ 2,100 ವಾಪಸ್ ಬರಬೇಕು. ಈ ಪಾಲು ಕೆಲಸ ಶುರುವಾಗುವಾಗಲೇ ಬರೆದಿದ್ದರೆ ಜಗಳವೇ ಇರುತ್ತಿರಲಿಲ್ಲ, ಆದರೆ ಯಾರೂ ಬರೆಯುವುದಿಲ್ಲ.

ಎಣಿಸಿದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಖಾಲಿ ಪೈಪಿಗೆ ವೈರ್ ಎಳೆಯುವ ಸ್ಪ್ರಿಂಗ್ ಬಿಟ್ಟು ನೋಡಿ; ಸಿಮೆಂಟ್ ತುಂಬಿ ಕಟ್ಟಿಕೊಂಡಿದ್ದರೆ ಗೋಡೆ ಮತ್ತೆ ಒಡೆಯಬೇಕು, ಆ ಪಾಯಿಂಟ್ ಆಗಿಲ್ಲವೆಂದೇ ಅರ್ಥ. ಎಳೆದ ವೈರಿಗೆ ಬಲ್ಬ್, ಫ್ಯಾನ್ ಎಲ್ಲ ಬಿಡಿಸಿ 500 ವೋಲ್ಟ್ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿಸಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ವೈರ್ ಸುಲಿದಿರಬಹುದು, ಪೈಪೊಳಗೆ ನೀರಿರಬಹುದು. ಲೋಡ್ ಹಾಕಿದೊಡನೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್) ಬಿದ್ದರೆ ಮೊದಲು ನ್ಯೂಟ್ರಲ್ (ಕರೆಂಟ್ ವಾಪಸಾಗುವ ವೈರ್) ಬೇರೆ ಸರ್ಕ್ಯೂಟಿನದರ ಜೊತೆ ಅದಲುಬದಲಾಗಿದೆಯೇ ನೋಡಿ. ಹೆಚ್ಚಿನ ಸಲ ಅದು ಡಿಬಿಯಲ್ಲೇ ಸರಿಹೋಗುವ ಕೆಲಸ. ರಿಪೇರಿ ಖರ್ಚು ಬಿಲ್ಲಿನಲ್ಲಿ ಮುರಿದುಕೊಳ್ಳುವ ಮುನ್ನ ಎಲೆಕ್ಟ್ರಿಷಿಯನ್‌ಗೇ ಸರಿಪಡಿಸಲು ದಿನ ಕೊಡಿ, ವಾಟ್ಸಾಪಿನಲ್ಲಿ ಬರೆದು.

ಮಾತಿಗೆ ಬಗ್ಗದಿದ್ದರೆ ಓನರಿಗೆ ಗ್ರಾಹಕ ಸಹಾಯವಾಣಿ 1915 ಇದೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ದೂರಿಗೆ 2 ವರ್ಷದ ಗಡುವು. ಅಲ್ಲಿ ಕೇಳುವುದು ಬಿಲ್, ಯುಪಿಐ ದಾಖಲೆ, ಫೋಟೋ. ಆ ಜಂಟಿ ಹಾಳೆಗೆ ಇಬ್ಬರ ಸಹಿ ಇದ್ದರೆ ಅಲ್ಲಿಯವರೆಗೆ ಹೋಗುವುದು ಅಪರೂಪ.

ಇನ್ನೊಂದು: ಹೊಸ ಕನೆಕ್ಷನ್ ಬಾಕಿಯಿದ್ದರೆ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಸಹಿಯ ಕಂಪ್ಲೀಷನ್ ರಿಪೋರ್ಟ್ ಬೇಕು. ಅದು ಯಾರ ಜವಾಬ್ದಾರಿ ಎಂದು ಕೊನೆಯ ಕಂತು ಕೊಡುವ ಮುನ್ನವೇ ಇತ್ಯರ್ಥ ಮಾಡಿಕೊಳ್ಳಿ.